ಹೇಸರಗತ್ತೆಯ ಹೊರೆ: ಫ್ರೆಡರಿಕ್ ರಾಬರ್ಟ್ಸ್ ಎಂಬ ಸೇನಾನಿ, ಲೇಖಕ

ಸಭಿಕರೇ,

ಫ್ರೆಡರಿಕ್ ರಾಬರ್ಟ್ಸ್ ಹುಟ್ಟಿದ್ದು ಕಾನ್ಪುರದಲ್ಲಿ, 1832ರ ಸೆಪ್ಟೆಂಬರ್ 30ರಂದು. ತಂದೆ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದ ಅಧಿಕಾರಿ. ಇಂಗ್ಲೆಂಡಿನಲ್ಲಿ ಓದಿ, 1851ರಲ್ಲಿ ಬಂಗಾಳ ಆರ್ಟಿಲರಿ ಎಂಬ ಫಿರಂಗಿದಳ ಸೇರಿದ. 1858ರ ಜನವರಿಯಲ್ಲಿ ಖುದಾಗಂಜ್‌ನಲ್ಲಿ ತೋರಿದ ಸಾಹಸಕ್ಕೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಆದರೆ ಆತನನ್ನು ಅರಿಯಲು ಆ ಪದಕಕ್ಕಿಂತ ಕ್ವಾರ್ಟರ್‌ಮಾಸ್ಟರ್ ಜನರಲ್ ಇಲಾಖೆಯಲ್ಲಿ ಸವೆಸಿದ ಇಪ್ಪತ್ತು ವರ್ಷಗಳೇ ಮುಖ್ಯ. ದಂಡು ಎಲ್ಲಿ ಬಿಡಾರ ಹೂಡಬೇಕು, ನೀರೆಲ್ಲಿದೆ, ಹೊರೆ ಎಷ್ಟು, ಹೊರುವ ಪ್ರಾಣಿ ಎಷ್ಟು: ಇದು ಆ ಇಲಾಖೆಯ ಕೆಲಸ.

ಆ ವಿದ್ಯೆ ಒರೆಗೆ ಹತ್ತಿದ್ದು 1880ರಲ್ಲಿ, ಎರಡನೇ ಆಫ್ಘನ್ ಯುದ್ಧದಲ್ಲಿ. ಜುಲೈ 27ರಂದು ಅಫಘಾನಿಸ್ತಾನದ ಮೈವಂದ್‌ನಲ್ಲಿ ಆಫ್ಘನ್ ರಾಜಕುಮಾರ ಅಯೂಬ್ ಖಾನ್ ಬ್ರಿಟಿಷ್ ಬ್ರಿಗೇಡೊಂದನ್ನು ಸೋಲಿಸಿ, ಉಳಿದವರನ್ನು ಕಂದಹಾರದೊಳಗೆ ಮುತ್ತಿದ. ಆಗಸ್ಟ್‌ನಲ್ಲಿ ರಾಬರ್ಟ್ಸ್ ಕಾಬೂಲಿನಿಂದ ಹೊರಟ. ಜೊತೆಗೆ ಸುಮಾರು 10,000 ಸೈನಿಕರು, 8,000 ಸೇವಕರು. ದಾರಿ ಸುಮಾರು 500 ಕಿಲೊಮೀಟರ್. ಹಿಂದಿನಿಂದ ಸರಬರಾಜು ಬರುವಂತಿರಲಿಲ್ಲ.

ಗಾಲಿಯ ಫಿರಂಗಿಗಳನ್ನು ಆತ ಒಯ್ಯಲಿಲ್ಲ. ಬಿಚ್ಚಿ ಹೇಸರಗತ್ತೆಯ ಮೇಲೆ ಹೇರುವ 18 ಬೆಟ್ಟದ ಫಿರಂಗಿಗಳಷ್ಟೇ ಸಾಕೆಂದ. ಬ್ರಿಟಿಷ್ ಸೈನಿಕನಿಗೆ ಕೋಟು, ಹೊದಿಕೆ, ಡೇರೆ ಎಲ್ಲ ಸೇರಿ 30 ಪೌಂಡ್, ಅಂದರೆ ಹದಿಮೂರೂವರೆ ಕಿಲೊ ಸಾಮಾನು. ಭಾರತೀಯ ಸಿಪಾಯಿಗೆ 20 ಪೌಂಡ್. ಅಧಿಕಾರಿಗೂ ಒಂದೇ ಹೇಸರಗತ್ತೆ. ಹಿಟ್ಟು ಐದು ದಿನಕ್ಕೆ ಮಾತ್ರ. ಉಳಿದದ್ದನ್ನು ದಾರಿಯ ಹಳ್ಳಿಗಳಲ್ಲಿ ಕೊಳ್ಳಬೇಕು. ಧಾನ್ಯ ಸಿಕ್ಕರೂ ಸೌದೆ ಸಿಗಲಿಲ್ಲ. ಮನೆಗಳನ್ನೇ ಕೊಂಡು ಕೆಡವಿ, ತೊಲೆಗಳನ್ನು ಒಲೆಗಿಟ್ಟರು.

ಬೆಳಗಿನ ಜಾವ 2.45ಕ್ಕೆ ಎಬ್ಬಿಸುವ ಕಹಳೆ; ನಾಲ್ಕಕ್ಕೆ ಡೇರೆ ಕಿತ್ತು ಹೊರೆ ಹೇರಿ ಸಿದ್ಧ. ಗಂಟೆಗೊಮ್ಮೆ ಹತ್ತು ನಿಮಿಷ ವಿರಾಮ, ಎಂಟಕ್ಕೆ ತಿಂಡಿಗೆಂದು ಇಪ್ಪತ್ತು ನಿಮಿಷ. ಇಷ್ಟಾದರೂ ಸೋತದ್ದು ಸೇವಕರ ವಿಷಯದಲ್ಲಿ. ಹಗಲಿನ ಉರಿ, ರಾತ್ರಿಯ ಕೊರೆತ, ಬಾಯಾರಿಕೆ ತಾಳದೆ ಅವರು ದಾರಿ ಬಿಟ್ಟು ಮರೆಯಲ್ಲಿ ಮಲಗಿಬಿಡುತ್ತಿದ್ದರು. ಹಿಂಬದಿಯ ಕಾವಲಿನವರು ಹುಡುಕಿ ಎಬ್ಬಿಸಿ ನಡೆಸಬೇಕಿತ್ತು. ಕಣ್ತಪ್ಪಿ ಹಿಂದುಳಿದವನು ಶತ್ರುವಿನ ಕತ್ತಿಗೆ ಸಿಕ್ಕ. ಸ್ವತಃ ರಾಬರ್ಟ್ಸ್‌ಗೂ ಜ್ವರ ಬಂದು, ಕೊನೆಯ ಹಂತದಲ್ಲಿ ಡೋಲಿಯಲ್ಲಿ ಸಾಗಬೇಕಾಯಿತು. ಆಗಸ್ಟ್ 31ಕ್ಕೆ ಕಂದಹಾರ. ಮರುದಿನವೇ ಯುದ್ಧ, ಗೆಲುವು.

ಈ ಯಶಸ್ಸನ್ನು ಆತನೊಬ್ಬನ ಲೆಕ್ಕಕ್ಕೇ ಬರೆಯುವುದು ಸರಿಯಲ್ಲ. ಕಾಬೂಲಿನ ಹೊಸ ಅಮೀರ, ಅಂದರೆ ದೊರೆ, ಅಬ್ದುರ್ ರಹಮಾನ್ ತನ್ನ ಜನರನ್ನು ಕಳಿಸಿ ದಾರಿಯ ಬುಡಕಟ್ಟುಗಳನ್ನು ಸುಮ್ಮನಿರಿಸಿದ್ದ. ಹಿಂದಿನ ವರ್ಷ ಕಾಬೂಲಿನಲ್ಲಿ ರಾಬರ್ಟ್ಸ್ ಜನರನ್ನು ಗಲ್ಲಿಗೇರಿಸಿದ್ದಂತೂ ಬ್ರಿಟನ್ನಿನಲ್ಲೇ ಖಂಡನೆಗೆ ಗುರಿಯಾಗಿತ್ತು.

1881ರಿಂದ 1885ರವರೆಗೆ ಆತ ಮದ್ರಾಸ್ ಸೈನ್ಯದ ಮುಖ್ಯಸ್ಥ. ಬೆಂಗಳೂರಿನ ದಂಡು ಆ ಸೈನ್ಯದ ದೊಡ್ಡ ನೆಲೆಗಳಲ್ಲೊಂದು. 1897ರಲ್ಲಿ ಬಂದ 'ಫಾರ್ಟಿ-ಒನ್ ಇಯರ್ಸ್ ಇನ್ ಇಂಡಿಯಾ' ಎಂಬ ಎರಡು ಸಂಪುಟಗಳ ಆತ್ಮಕಥೆಯಲ್ಲಿ, ದೀರ್ಘ ಶಾಂತಿಯಿಂದ ದಕ್ಷಿಣದ ಸಿಪಾಯಿಯ ಯುದ್ಧೋತ್ಸಾಹ ಸತ್ತುಹೋಗಿದೆ ಎಂದು ಬರೆದ. 1885ರಿಂದ 1893ರವರೆಗೆ ಇಡೀ ಭಾರತದ ಸೇನಾ ಮುಖ್ಯಸ್ಥನಾಗಿ ಆ ನಂಬಿಕೆಯನ್ನೇ ನೀತಿಯಾಗಿಸಿ, ಗೂರ್ಖಾ, ಸಿಖ್ಖರಂಥ ಉತ್ತರದವರ ನೇಮಕಕ್ಕೆ ಒತ್ತು ಕೊಟ್ಟ. ಕಂದಹಾರದ ದಂಡಯಾತ್ರೆಯ ಪುಟಗಳಲ್ಲಿ ಪೌಂಡು ಪೌಂಡಿಗೂ ಲೆಕ್ಕವಿಡುವ ಲೇಖಕ ಇಲ್ಲಿ ಅಳತೆಗೋಲನ್ನೇ ಕೈಬಿಟ್ಟಿದ್ದಾನೆ. ವರ್ಷಗಟ್ಟಲೆ ರಣರಂಗಕ್ಕೆ ಕಳಿಸದೆ ಕೂರಿಸಿದ ಪಲ್ಟನ್ನಿಗೆ ಕಾದಾಡಿದ ಅನುಭವ ಎಲ್ಲಿಂದ ಬರಬೇಕು? ಕಡಿಮೆ ಕಳಿಸಿದ್ದರಿಂದ ಅನುಭವ ಕಡಿಮೆ; ಅನುಭವ ಕಡಿಮೆಯೆಂದು ಮತ್ತೂ ಕಡಿಮೆ ನೇಮಕ. ಹೀಗೆ ಪಲ್ಟನ್ನುಗಳು ಒಂದೊಂದಾಗಿ ಕರಗಿದವು.

ರಾಬರ್ಟ್ಸ್ 1914ರ ನವೆಂಬರ್ 14ರಂದು ಫ್ರಾನ್ಸಿನ ಸೇಂಟ್ ಓಮರ್‌ನಲ್ಲಿ, ಭಾರತೀಯ ತುಕಡಿಗಳನ್ನು ನೋಡಲು ಹೋದಾಗ ನ್ಯುಮೋನಿಯಾದಿಂದ ತೀರಿಕೊಂಡ. ಮೂವತ್ತು ವರ್ಷಗಳ ನಂತರ, 1944ರಲ್ಲಿ, ಇಟಲಿಯಲ್ಲಿ ನೆಲಬಾಂಬೊಂದರ ಮೇಲೆ ತಾನೇ ಬಿದ್ದು ಸಂಗಡಿಗರನ್ನು ಉಳಿಸಿ ಪ್ರಾಣಬಿಟ್ಟವನು ಸುಬೇದಾರ್ ಸುಬ್ರಮಣಿಯನ್. ಅದಕ್ಕಾಗಿ ಆತನಿಗೆ ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಸಂದಿತು. ಅವನ ದಳ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್, ಅದೇ ದಕ್ಷಿಣದ ಸಿಪಾಯಿಗಳ ಎಂಜಿನಿಯರ್ ಪಡೆ.