ಒಂದೇ ಏಟಿಗೆ ಬಟ್ಟಲು ಯಾಕೆ ಅಲೆಯಲೆಯಾಗಿ ಹಾಡುತ್ತದೆ? ವಿಜಯಪುರದ ಸೌಂಡ್ ಬಾತ್‌ನಲ್ಲಿ ಒಂದು ಸಂಜೆ

[ದೃಶ್ಯ: ಸಾಲಾಗಿ ಹಾಸಿದ ಚಾಪೆಗಳು, ಮಂದ ಬೆಳಕು. ಮೊದಲ ಹತ್ತು ಸೆಕೆಂಡ್ ಬಟ್ಟಲಿನ ಸದ್ದು ಮಾತ್ರ.]

ಕೇಳಿಸಿತಾ? ವಾಂವ್... ವಾಂವ್... ವಾಂವ್... ಬಟ್ಟಲಿಗೆ ಬಿದ್ದದ್ದು ಒಂದೇ ಏಟು. ಆದರೂ ದನಿ ಜೋಕಾಲಿಯ ಹಾಗೆ ಹೋಗಿ ಬರುತ್ತಿದೆ. ನನ್ನ ತಲೆಗೆ ಹುಳ ಬಿಟ್ಟದ್ದು ಇದೇ.

ನಮಸ್ಕಾರ. ಹೋದ ತಿಂಗಳು ನಮ್ಮ ಪಕ್ಕದ ಮನೆಯ ಕಾಕು ಕೇಳಿದರು, "ತಮ್ಮಾ, ಕಂಚಿನ ಬಟ್ಟಲ ಬಾರ್ಸಿದ್ರ ಬಿಪಿ ಇಳೀತೈತಂತ, ಖರೇನು?" ಉತ್ತರ ಗೊತ್ತಿರಲಿಲ್ಲ. ಹಾಗಾಗಿ ಇಬ್ಬರೂ ಹೋಗಿಯೇ ಬಿಟ್ಟೆವು. ಇಲ್ಲೇ ವಿಜಯಪುರದಲ್ಲಿ, ಒಂದು ಹಾಲ್‌ನಲ್ಲಿ. ಇಪ್ಪತ್ತು ಜನ, ಒಂದೂವರೆ ಗಂಟೆ. ಮೊದಲು ಕಣ್ಣು ಮುಚ್ಚಿ ಉಸಿರಾಟ, ಆಮೇಲೆ ಮಲಗಿಕೊಂಡು ಬಟ್ಟಲುಗಳ ಸದ್ದು, ಕೊನೆಗೆ ಕುತ್ತಿಗೆ, ಭುಜ ಒತ್ತುವುದು. ಸೌಂಡ್ ಬಾತ್ ಅಂದರೆ ಇಷ್ಟೇ. ನೀರಿಲ್ಲ, ಸದ್ದಿನಲ್ಲೇ ಸ್ನಾನ.

ಈಗ ಆ "ವಾಂವ್"ಗೆ ಬರೋಣ.

[ದೃಶ್ಯ: ಟೇಬಲ್ ಮೇಲೆ ಪಿಂಗಾಣಿ ಚಹಾ ಕಪ್ಪು, ಒಂದು ಚಮಚ.]

ಅಡುಗೆಮನೆಯಿಂದ ಹಿಡಿಕೆ ಇರುವ ಒಂದು ಕಪ್ಪು ತನ್ನಿ. ಅದರ ಬಾಯಿ ಒಂದು ಗಡಿಯಾರ ಅಂದುಕೊಳ್ಳಿ. ಹಿಡಿಕೆ 12ರಲ್ಲಿ ಇರಲಿ. ಈಗ 6ರ ಜಾಗದಲ್ಲಿ ಅಂಚಿಗೆ ಚಮಚದಿಂದ ತಟ್ಟಿ. ಟಣ್. ಈಗ 3 ಮತ್ತು 6ರ ನಟ್ಟನಡುವೆ ತಟ್ಟಿ. ಟಿಣ್! ದನಿ ಸ್ವಲ್ಪ ಏರಿತು, ಅಲ್ವಾ? ಅದೇ ಕಪ್ಪು, ಅದೇ ಚಮಚ. ಇನ್ನೊಮ್ಮೆ ತಟ್ಟಿ ನೋಡಿ. ನಾನು ಮೊದಲ ದಿನ ಮನೆಯ ಎಲ್ಲ ಕಪ್ಪುಗಳನ್ನೂ ತಟ್ಟಿದೆ.

ತಟ್ಟಿದಾಗ ಕಪ್ಪಿನ ದುಂಡು ಬಾಯಿ ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತದೆ. ಒಮ್ಮೆ ಉದ್ದಕ್ಕೆ ಮೊಟ್ಟೆಯ ಆಕಾರ, ಮರುಕ್ಷಣ ಅಡ್ಡಕ್ಕೆ. 6ರಲ್ಲಿ ತಟ್ಟಿದರೆ ಹಿಡಿಕೆಯೂ ಜೊತೆಗೆ ಅಲ್ಲಾಡಬೇಕು. ಭಾರ ಜಾಸ್ತಿ, ಕಂಪನ ನಿಧಾನ, ದನಿ ತಗ್ಗು. ನಡುವೆ ತಟ್ಟಿದರೆ ಹಿಡಿಕೆ ಇರುವ ಜಾಗ ಹೆಚ್ಚುಕಡಿಮೆ ಅಲ್ಲಾಡುವುದೇ ಇಲ್ಲ. ಅದಕ್ಕೇ ದನಿ ಏರುತ್ತದೆ.

ಬಟ್ಟಲಿಗೆ ಹಿಡಿಕೆ ಇಲ್ಲವಲ್ಲ? ಇಲ್ಲ. ಆದರೆ ಅದನ್ನು ಸುತ್ತಿಗೆಯಿಂದ ಕೈಯಲ್ಲಿ ಬಡಿದು ಮಾಡುತ್ತಾರೆ. ಒಂದು ಕಡೆ ಕೂದಲೆಳೆಯಷ್ಟು ಹೆಚ್ಚು ದಪ್ಪ, ಇನ್ನೊಂದು ಕಡೆ ಅಷ್ಟೇ ತೆಳು. ಹಾಗಾಗಿ ಅದರೊಳಗೂ ಎರಡು ದನಿ. ಒಂದು ಸೆಕೆಂಡಿಗೆ 200 ಸಲ ಕಂಪಿಸಿದರೆ, ಇನ್ನೊಂದು 203 ಸಲ ಅಂದುಕೊಳ್ಳಿ. ಎರಡೂ ಒಟ್ಟಿಗೆ ಹೊರಟಾಗ ಸೆಕೆಂಡಿಗೆ ಮೂರು ಸಲ ಸೇರಿ ಜೋರಾಗುತ್ತವೆ, ಮೂರು ಸಲ ಒಂದನ್ನೊಂದು ಅಳಿಸುತ್ತವೆ. ಅದೇ ವಾಂವ್, ವಾಂವ್, ವಾಂವ್. ಬಟ್ಟಲು ಅಚ್ಚು ಹೊಯ್ದ ಹಾಗೆ ಪೂರ್ತಿ ದುಂಡಗಿದ್ದರೆ ಈ ಜೋಕಾಲಿಯೇ ಇರುತ್ತಿರಲಿಲ್ಲ. ಬಡಿದವನ ಕೈಯ ಏರುಪೇರನ್ನೇ ನಾವು ಕಿವಿಯಲ್ಲಿ ಕೇಳುತ್ತೇವೆ. ನನಗಂತೂ ಇದು ಯಾವ ಮಂತ್ರಕ್ಕಿಂತ ಕಡಿಮೆ ಅನ್ನಿಸಲಿಲ್ಲ.

[ದೃಶ್ಯ: ಗೋಲಗುಮ್ಮಟ, ಬೆಳಗಿನ ಬಿಸಿಲು.]

ಸದ್ದು ಮನುಷ್ಯನನ್ನು ಏನು ಮಾಡುತ್ತದೆ ಅಂತ ನಮ್ಮ ಊರಿನವರಿಗೆ ಹೇಳಿಕೊಡಬೇಕಾ? 1656ರಿಂದ ನಿಂತಿರುವ ಗುಮ್ಮಟವಿದೆ. ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹತ್ತಿರ ಇಟ್ಟು ಪಿಸುಗುಟ್ಟಿದರೆ, ಸುಮಾರು 37 ಮೀಟರ್ ಆಚೆ ಎದುರಿಗೆ ನಿಂತವರಿಗೆ ಕೇಳುತ್ತದೆ. ಸದ್ದು ದುಂಡು ಗೋಡೆಯನ್ನೇ ತಬ್ಬಿಕೊಂಡು ಓಡುತ್ತದೆ. ಸಿ.ವಿ. ರಾಮನ್ ಅವರು 1920ರ ದಶಕದ ಆರಂಭದಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಬೆಳಿಗ್ಗೆ ಬೇಗ, ಗದ್ದಲ ಇಲ್ಲದಾಗ ಹೋಗಿ. ಒಂದು ಚಪ್ಪಾಳೆ ತಟ್ಟಿ. ಅದು ಪೂರ್ತಿ ಸಾಯುವ ತನಕ ಯಾರೂ ಮಾತಾಡುವುದಿಲ್ಲ. ಉಸಿರು ತಾನಾಗಿ ನಿಧಾನವಾಗುತ್ತದೆ.

ಹಾಲ್‌ನಲ್ಲೂ ಆದದ್ದು ಅದೇ. ಬಟ್ಟಲಿನ ದನಿ ಎಲ್ಲಿ ಮುಗಿಯಿತು ಅಂತ ಕಿವಿ ಹುಡುಕುತ್ತಾ ಹೋಗುತ್ತದೆ. ಅಷ್ಟು ಹೊತ್ತು ಮನೆಯ ಚಿಂತೆ ನೆನಪಾಗುವುದಿಲ್ಲ.

ಹಾಗಾದರೆ ಬಿಪಿ? ಇಳಿದೇ ಇಳಿಯುತ್ತದೆ ಅಂತ ನಾನು ಹೇಳಲಾರೆ. 2016ರಲ್ಲಿ ಅಮೆರಿಕದ ಸಂಶೋಧಕರು 62 ಜನರ ಮೇಲೆ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ಬಟ್ಟಲಿನ ಧ್ಯಾನದ ನಂತರ ಅವರ ಬಿಗುವು, ಸಿಟ್ಟು, ದಣಿವು ಕಡಿಮೆಯಾಗಿತ್ತು. ಆದರೆ ಸುಮ್ನೆ ಮಲಗಿದವರ ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲ. ಹಾಗಾಗಿ ಕೆಲಸ ಮಾಡಿದ್ದು ಬಟ್ಟಲೋ, ವಿಶ್ರಾಂತಿಯೋ ಹೇಳಲಾಗದು. ಉಸಿರಿನ ವಿಷಯ ಇನ್ನೂ ಗಟ್ಟಿ. 2001ರ ಇಟಲಿಯ ಅಧ್ಯಯನದಲ್ಲಿ ಕ್ರೈಸ್ತರ ಜಪಮಾಲೆ ಪ್ರಾರ್ಥನೆ ಮತ್ತು ಬೌದ್ಧರ "ಓಂ ಮಣಿ ಪದ್ಮೇ ಹೂಂ" ಜಪ, ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸಿದವು. ಹೃದಯದ ಲಯವೂ ಅದರ ಜೊತೆಗೆ ಹೊಂದಿಕೊಂಡಿತು. ಜ್ಞಾನಯೋಗಾಶ್ರಮದಲ್ಲಿ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ಕೂತವರಿಗೆ ಗೊತ್ತು, ಸಾವಿರಾರು ಜನ ಒಟ್ಟಿಗೆ ಸುಮ್ಮನಾದಾಗ ಒಬ್ಬರ ನೆಮ್ಮದಿ ಇನ್ನೊಬ್ಬರಿಗೆ ಹತ್ತುತ್ತದೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಫಿಟ್ಸ್ ಬರುವವರು, ಪೇಸ್‌ಮೇಕರ್ ಇರುವವರು, ಬಸುರಿಯರು ಮೊದಲು ಡಾಕ್ಟರ್‌ ಹತ್ತಿರ ಕೇಳಿ. ಕುತ್ತಿಗೆಯನ್ನು ಲಟಕ್ ಅನ್ನಿಸಲು ಬಿಡಬೇಡಿ. ಮೈ ಮುಟ್ಟುವುದು ಬೇಡ ಅನ್ನಿಸಿದರೆ ಬೇಡ ಅನ್ನಿ, ಅದು ನಿಮ್ಮ ಹಕ್ಕು. ಮತ್ತೆ, ಕಾಯಿಲೆ ವಾಸಿ ಮಾಡುತ್ತೇವೆ ಅಂತ ಹೇಳಿ ಹಣ ಕೇಳುವವರ ಹತ್ತಿರ ಹೋಗಲೇಬೇಡಿ. ಹಾಗೆ ಹೇಳುವುದು ತಪ್ಪು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಕಾಕುಗೆ ನಾನು ಹೇಳಿದ್ದು ಇಷ್ಟು: "ಕಾಕು, ಬಟ್ಟಲಕ್ಕ ಹೋಗ್ರಿ, ಆದ್ರ ಗುಳಿಗಿ ಬಿಡಬ್ಯಾಡ್ರಿ." ಮರುದಿನ ಬೆಳಿಗ್ಗೆ ಅವರ ಅಡುಗೆಮನೆಯಿಂದ ಟಣ್, ಟಿಣ್ ಅಂತ ಸದ್ದು ಬರುತ್ತಿತ್ತು.

ನಿಮ್ಮ ಕಪ್ಪಿನಲ್ಲಿ ಎಲ್ಲಿ ತಟ್ಟಿದಾಗ ದನಿ ಏರಿತು? ಕಾಮೆಂಟಿನಲ್ಲಿ ಬರೆಯಿರಿ.