ಶೇಷವನ್ನು ಅಳಿಸಬೇಡಿ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ತೀರ್ಥಹಳ್ಳಿಯ ಸುತ್ತಮುತ್ತಲಿಂದ ಇಷ್ಟು ಜನ ಬಂದಿದ್ದೀರಿ. ಭಾಗಾಕಾರ ಕೇಳೋಕಲ್ಲ, ಆಮೇಲಿನ ಕಾಫಿ, ಕೋಡುಬಳೆಗೆ ಅಂತ ಗೊತ್ತು. ಇರಲಿ.

ಮೊನ್ನೆ ಮೊಮ್ಮಗಳು 1/7 ಅನ್ನು ದಶಮಾಂಶಕ್ಕೆ ತರಬೇಕಿತ್ತು. ಮೊಬೈಲ್ ಒತ್ತಿದಳು. 0.142857 ಅಂತ ಬರೆದುಕೊಂಡು "ಮುಗೀತು ಅಜ್ಜ" ಅಂದಳು. ಎಲ್ಲಿ ಮುಗೀತು? ಸ್ಲೇಟು ತಗೊಂಡು ಬಾ ಅಂದೆ.

1ರಲ್ಲಿ 7 ಹೋಗಲ್ಲ. ಬಿಂದು ಇಟ್ಟು ಸೊನ್ನೆ ಇಳಿಸಿದಳು. ಏಳೊಂದ್ಲ ಏಳು, ಶೇಷ 3. ಮತ್ತೆ ಸೊನ್ನೆ. ಏಳ್ನಾಕ್ಲ ಇಪ್ಪತ್ತೆಂಟು, ಶೇಷ 2. ಹೀಗೇ 6, 4, 5. ಕೊನೆಗೆ 50ರಲ್ಲಿ 49 ಹೋಗಿ ಮತ್ತೆ 1! "ಅಯ್ಯೋ, ಶುರು ಮಾಡಿದಲ್ಲಿಗೇ ಬಂತು!"

ಕಾಡಲ್ಲಿ ಅದ್ಯಾವುದೋ ಬಳ್ಳಿ ದಾಟಿದರೆ ಸುತ್ತಿ ಸುತ್ತಿ ಅಲ್ಲಿಗೇ ಬರ್ತೀವಿ ಅಂತಾರಲ್ಲ, ಹಾಗೆ. ಇಲ್ಲಿ ಬಳ್ಳಿಯ ಮಾಯ ಏನಿಲ್ಲ. ಏಳರಿಂದ ಭಾಗಿಸಿದರೆ ಶೇಷಕ್ಕೆ 1ರಿಂದ 6ರವರೆಗೆ ಆರೇ ಮನೆ. ಸೊನ್ನೆ ಬಂದರೆ ಲೆಕ್ಕ ಅಲ್ಲಿಗೇ ನಿಂತಿತು. ಬರದಿದ್ದರೆ ಹಳೇ ಮನೆ ಬಾಗಿಲಿಗೇ ಬರಬೇಕು, ಬೇರೆ ಎಲ್ಲಿ ಹೋಗ್ತದೆ? ಮೊಬೈಲು ಈ ಶೇಷವನ್ನೇ ತೋರಿಸೋದಿಲ್ಲ. ನನ್ನ ತಕರಾರು ಅದೇ.

ಶೇಷ ಅಂದಾಗ ನಮ್ಮಜ್ಜಿ ನೆನಪಾಗ್ತಾಳೆ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು, ರೂಪಾಯಿಗೆ 100. ಅಲ್ಲಿವರೆಗೆ ರೂಪಾಯಿಗೆ 16 ಆಣೆ. ಅಜ್ಜಿ ಒಂದೊಂದೇ ಆಣೆ ಒಯ್ದು ನಾಲ್ಕು ಸಲ ಚಿಲ್ಲರೆ ಮಾಡಿಸಿದಳು. ಸಲಕ್ಕೆ 6ರಂತೆ 24 ನಯಾಪೈಸೆ ಸಿಕ್ಕಿತು. ಪಕ್ಕದ ಮನೆಯವರು ನಾಲ್ಕಾಣೆ ಒಟ್ಟಿಗೆ ಕೊಟ್ಟು 25 ತಂದರು. "ನನ್ನ ಒಂದು ಪೈಸೆ ಯಾರು ತಿಂದ?" ಅಂತ ಅಂಗಡಿ ಮುಂದೆ ರಂಪ.

ಯಾರೂ ತಿಂದಿರಲಿಲ್ಲ. 100ನ್ನು 16ರಿಂದ ಭಾಗಿಸಿ. 6 ಹೋಗಿ ಶೇಷ 4. ಸೊನ್ನೆ ಇಳಿಸಿದರೆ 2, ಶೇಷ 8. ಮತ್ತೆ ಸೊನ್ನೆ, 5, ಶೇಷ ಇಲ್ಲ. ಒಂದಾಣೆ ಅಂದರೆ 6.25 ನಯಾಪೈಸೆ. ಕಾಲು ಪೈಸೆಗೆ ನಾಣ್ಯವೇ ಇಲ್ಲ, ಅದನ್ನು ಬಿಟ್ಟರು. ಮೂರಾಣೆಗೆ 18.75 ಬರ್ತದೆ, ಅದಕ್ಕೆ 19 ಕೊಡ್ತಿದ್ದರು. ಇದು ಗೊತ್ತಾದ ಮೇಲೆ ಅಜ್ಜಿ ಸೆರಗಿನ ತುದಿಯಲ್ಲಿ ಮೂರು ಮೂರಾಣೆ ಗಂಟು ಕಟ್ಟಿಕೊಂಡು ಹೋಗೋಕೆ ಶುರು ಮಾಡಿದಳು! ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಶೇಷ ಎಲ್ಲಿ ಹೋಗ್ತದೆ ಅಂತ ಅವಳಿಗೆ ಗೊತ್ತಿತ್ತು.

ಒಂದಾಣೆ ಅಂದರೆ ರೂಪಾಯಿಯ 1/16. ಅದೇ 1/16ರಲ್ಲಿ ನಾನೇ ಒಮ್ಮೆ ಜಾರಿ ಬಿದ್ದಿದ್ದೇನೆ. 10ರಲ್ಲಿ 16 ಹೋಗಲ್ಲ, ಆಗ ಬಿಂದು ಆದ ಮೇಲೆ ಒಂದು ಸೊನ್ನೆ ಇಡಬೇಕು. ಇಡದೆ ಬೋರ್ಡಿನ ಮೇಲೆ 0.625 ಬರೆದೆ. ಹಿಂದಿನ ಬೆಂಚಿನ ಹುಡುಗ, ದಿನಸಿ ಅಂಗಡಿಯವರ ಮಗ, "ಸಾರ್, ಒಂದಾಣೆ ಎಂಟಾಣೆಗಿಂತ ಜಾಸ್ತಿನಾ?" ಅಂದ. ಸುಮ್ನೆ ಡಸ್ಟರ್ ತಗೊಂಡೆ.

ಇನ್ನೂ ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ. ಅಧ್ಯಕ್ಷರು ಗಡಿಯಾರ ನೋಡ್ತಿದ್ದಾರೆ. ಒಂದು ಮಾತ್ರ ಹೇಳಿಬಿಡ್ತೇನೆ. ಭಿನ್ನರಾಶಿಯನ್ನು ಮೊದಲು ಸಂಕ್ಷೇಪಿಸಿ. ಆಮೇಲೆ ಛೇದದಲ್ಲಿ 2, 5 ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನ ಇಲ್ಲದಿದ್ದರೆ ಲೆಕ್ಕ ನಿಲ್ತದೆ. 8, 16, 40 ಎಲ್ಲ ಹಾಗೆ. 3, 7 ಹೊಕ್ಕರೆ ಸುತ್ತೋದೇ. ಯಾಕೆ ಅಂದರೆ ನಮ್ಮದು ಹತ್ತರ ಲೆಕ್ಕ, ಹತ್ತು ಅಂದರೆ ಎರಡೈದ್ಲ ತಾನೇ. ಉಳಿದದ್ದು ಕಾಫಿ ಹೊತ್ತಲ್ಲಿ.

ಹಾಂ, ಮಕ್ಕಳೇ, ರಾತ್ರಿ ಕರೆಂಟ್ ಹೋದಾಗ 1/17 ಮಾಡಿ ನೋಡಿ. 16 ಅಂಕಿ ಆದ ಮೇಲೆ ತಿರುಗ್ತದೆ. ಹಾಳೆ ಉದ್ದಕ್ಕೆ ಹಿಡಿದುಕೊಳ್ಳಿ, ಕೆಳಗೆ ಜಾಗ ಬೇಕಾಗ್ತದೆ.