ನಲ್ಲಿಯಿಲ್ಲದವರ ತೆರಿಗೆ

ಕೇಳುಗರಿಗೆ ನಮಸ್ಕಾರ.

ನೀರು ಎಲ್ಲರಿಗೂ ಬೇಕಾದದ್ದು, ಆದ್ದರಿಂದ ಅದರ ಖರ್ಚನ್ನೆಲ್ಲ ಸರ್ಕಾರವೇ ತೆರಿಗೆಯ ಹಣದಿಂದ ಭರಿಸಲಿ ಎಂದು ಬೆಂಗಳೂರಿನಲ್ಲಿ ಅನೇಕರು ವಾದಿಸುತ್ತಾರೆ. ಕೇಳುವುದಕ್ಕೆ ಹಿತವಾದ ಮಾತು. ಆದರೆ ನಲ್ಲಿಯಿಲ್ಲದವರೂ ತೆರಿಗೆ ಕೊಡುತ್ತಾರೆ. ಅಂಗಡಿಯಲ್ಲಿ ಸೋಪು ಕೊಂಡವರು, ಚಪ್ಪಲಿ ಕೊಂಡವರು, ಎಲ್ಲರೂ ಬೊಕ್ಕಸಕ್ಕೆ ಹಣ ಹಾಕಿದವರೇ.

ಕಾವೇರಿ ತಾನಾಗಿ ಬೆಂಗಳೂರಿಗೆ ಹರಿದು ಬರುವುದಿಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ಹಗಲಿರುಳು ಪಂಪು ಮಾಡಿ ತರಬೇಕು. ಜಲಮಂಡಳಿಯ ಹಣದಲ್ಲಿ ದೊಡ್ಡ ಪಾಲು ವಿದ್ಯುತ್ತಿಗೇ ಹೋಗುತ್ತದೆ. ಹೀಗಿದ್ದೂ 2014ರಲ್ಲಿ ನಿಗದಿಯಾದ ದರ 2025ರವರೆಗೆ ಬದಲಾಗಲಿಲ್ಲ. ಮನೆಬಳಕೆಯ ಮೊದಲ 8,000 ಲೀಟರಿನವರೆಗೆ, ಸಾವಿರ ಲೀಟರಿಗೆ 7 ರೂಪಾಯಿ ಇತ್ತು.

2024ರ ಮಾರ್ಚಿನಲ್ಲಿ ನಗರದ ಅಂಚಿನ ಒಂದು ವಠಾರಕ್ಕೆ ಹೋಗಿದ್ದೆ. ಟ್ಯಾಂಕರಿನ ಪೈಪು ಸಂಪಿಗೆ ನೀರು ಬಿಡುತ್ತಿತ್ತು. ಪೈಪಿನ ಕೀಲಿನಲ್ಲಿ ಸೋರುತ್ತಿದ್ದ ಹನಿಗಳ ಕೆಳಗೆ ಒಬ್ಬ ಹುಡುಗ ಪ್ಲಾಸ್ಟಿಕ್ ಕೊಡ ಹಿಡಿದು ಕುಳಿತಿದ್ದ. ಅವನ ತಾಯಿ ಮನೆಗೆಲಸಕ್ಕೆ ಹೋಗುವವರು. ಪ್ರತಿ ಟ್ಯಾಂಕರಿನಲ್ಲಿ ತಮ್ಮ ಪಾಲೆಷ್ಟು ಎಂಬುದನ್ನು ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಆ ತಿಂಗಳು ಜಿಲ್ಲಾಡಳಿತವೇ ನಿಗದಿಮಾಡಿದ ದರ, ಐದು ಕಿಲೋಮೀಟರಿನೊಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ, ಅಂದರೆ ಸಾವಿರ ಲೀಟರಿಗೆ 100. "ನಾನು ಕೆಲಸ ಮಾಡೋ ಮನೇಲಿ ನಲ್ಲಿ ಇದೆ ಸಾರ್, ಅವರಿಗೆ ಎಷ್ಟು ಬೀಳುತ್ತೆ?" ಎಂದು ಕೇಳಿದರು. ಏಳು ರೂಪಾಯಿಯಿಂದ ಶುರು ಎಂದೆ. ಅವರು ಏನೂ ಹೇಳಲಿಲ್ಲ. ತುಂಬಿದ ಕೊಡವನ್ನು ಸರಿಸಿ ಖಾಲಿ ಕೊಡ ಇಟ್ಟರು.

ಆ ಏಳು ರೂಪಾಯಿಯ ನೀರಿನ ಖರ್ಚಿನಲ್ಲಿ ಬಿದ್ದ ಕೊರತೆಯನ್ನು ತೆರಿಗೆಯಿಂದ ತುಂಬಿದರೆ, ಅದರಲ್ಲಿ ಆ ತಾಯಿಯ ಪಾಲೂ ಇರುತ್ತದೆ. ಇದನ್ನು ನ್ಯಾಯವೆನ್ನಲು ನನಗೆ ಬಾಯಿ ಬರುವುದಿಲ್ಲ.

ತೆರಿಗೆಯ ಹಣ ನೀರಿಗೆ ಬೇಡವೆಂದಲ್ಲ, ಖಂಡಿತ ಬೇಕು. ಅದು ಮೊದಲು ಪೈಪು ತಲುಪದ ಬೀದಿಗೆ ಹೋಗಲಿ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ನೀರು ಯೋಜನೆಯ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಅಷ್ಟೂ ಕಾಲ ಅಲ್ಲಿಯವರು ತೆರಿಗೆ ಕಟ್ಟಿದ್ದಾರೆ.

ಕಡಿಮೆ ಬಳಸುವ ಬಡ ಮನೆಗಳ ದರ ಕಡಿಮೆಯೇ ಇರಲಿ, ಕಾರು ತೊಳೆದು ಹುಲ್ಲುಹಾಸಿಗೆ ನೀರುಣಿಸುವವರು ಮೀಟರು ಓಡಿದಷ್ಟಕ್ಕೂ ಪೂರ್ತಿ ಬೆಲೆ ಕೊಡಲಿ. ಸೋರಿಕೆಯ ವಿಷಯ ಹೇಳುವುದಿತ್ತು, ಸಮಯವಾಗಿದೆ. ನಮಸ್ಕಾರ.